ಅಣಶಿಯ ಹುಲಿಗಳಿಂದ ಮಡಿಕೇರಿಯ ಹುಲಿಯವರೆಗೆ

ನಮ್ಮ ಅಣಶಿಗೆ ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಹುಲಿ ಕಾಣಿಸುತ್ತದೆಯೇ?" ಕಾಣಿಸುವುದು ಅಪರೂಪ. ಆದರೆ ಅದು ಇಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮಳೆಗಾಲದಲ್ಲಿ ಇಲ್ಲಿ ಆಕಾಶ ಕಾಣಿಸುವುದೇ ಕಷ್ಟ. ದಿನಗಟ್ಟಲೆ ಮಂಜು, ಜಿಗಣೆ, ತೊಟ್ಟಿಕ್ಕುವ ಮರಗಳು. ನವರಾತ್ರಿ ಹತ್ತಿರವಾಗುವ ಹೊತ್ತಿಗೆ ಮೋಡ ಸರಿದು ಒಂದು ತುಂಡು ನೀಲಿ ಕಂಡರೆ ಊರಿಗೆ ಊರೇ ತಲೆಯೆತ್ತಿ ನೋಡುತ್ತದೆ.

ಈ ಸಲದ ದಸರಾ ರಜೆಯಲ್ಲಿ ಧಾರವಾಡದಿಂದ ಬಂದ ಮೊಮ್ಮಗಳೊಂದಿಗೆ ನಾನು ಹೊರಟದ್ದು ಹುಲಿ ನೋಡಲು ಅಲ್ಲ, ಊರು ನೋಡಲು. ಅವಳು ಆರನೆಯ ತರಗತಿ. ಘಟ್ಟ ಇಳಿದು ಕಾರವಾರ, ಅಲ್ಲಿಂದ ಕರಾವಳಿ ಹಿಡಿದು ಮಂಗಳೂರು, ಮತ್ತೆ ಘಟ್ಟ ಹತ್ತಿ ಮಡಿಕೇರಿ. ಉತ್ತರ ಕನ್ನಡದ ಕಾಡಿನಿಂದ ಕೊಡಗಿನ ಕಾಡಿಗೆ ಹೋಗುವುದು ಎಂದುಕೊಳ್ಳಿ.

ಹೊರಡುವ ಮೊದಲು ನಮ್ಮ ತಾಲ್ಲೂಕಿನ ಒಂದು ಸಂಗತಿ ಹೇಳಬೇಕು. ಜೋಯಿಡಾ ತಾಲ್ಲೂಕನ್ನು ಹಿರಿಯರು ಇಂದಿಗೂ ಸೂಪಾ ಎನ್ನುತ್ತಾರೆ. ಸೂಪಾ ಎಂಬ ಊರು ಈಗಿಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಅದು ನೀರಿನಡಿ ಹೋಯಿತು. ಮನೆ, ಬೀದಿ, ಅಂಗಳ ಎಲ್ಲ ಮುಳುಗಿದವು. ಹೆಸರು ಮಾತ್ರ ಉಳಿದು ಅಣೆಕಟ್ಟಿಗೇ ಅಂಟಿಕೊಂಡಿತು. ಊರು ಹೋದರೂ ಹೆಸರು ಉಳಿಯುತ್ತದೆ, ಆದರೆ ಅದನ್ನು ಹೇಳಿಕೊಳ್ಳುವವರು ಇರಬೇಕು. ಈ ಪ್ರವಾಸದ ಕೊನೆಯಲ್ಲಿ ನಮಗೆ ಸಿಕ್ಕಿದ್ದೂ ಇಂಥದೇ ಒಂದು ಹೆಸರು.

ಕಡಲ ದಂಡೆಯ ಲೋಹದ ಹಕ್ಕಿ

ಅಣಶಿ ಘಟ್ಟದ ತಿರುವುಗಳು ಹೊಟ್ಟೆ ತೊಳಸುವಂಥವು. ಬಸ್ಸಿನ ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ಚಾಲಕರು ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಿ, ಹಾರ್ನ್ ಬಾರಿಸಿ, ಚಕ್ರ ತಿರುಗಿಸಬೇಕು. ಆಗಲೇ ಒಂದು ಸ್ಕೂಟರ್ ನಮ್ಮ ಪಕ್ಕದಲ್ಲೇ ಸರ್ರನೆ ತಿರುಗಿ ಮುಂದೆ ಹೋಯಿತು. "ನೇರ ದಾರಿಯಾಗಿದ್ದರೆ ನಮ್ಮ ಬಸ್ಸೇ ಮುಂದೆ ಇರುತ್ತಿತ್ತು ಅಲ್ವಾ ಅಜ್ಜಾ?" ಎಂದಳು ಮೊಮ್ಮಗಳು. ಈ ಮಾತನ್ನು ನೆನಪಿಡಿ ಮಕ್ಕಳೇ. ಮುಂದೆ ಬೇಕಾಗುತ್ತದೆ.

ಕದ್ರಾ ದಾಟಿ, ಕಾಳಿ ನದಿಯ ಜೊತೆಜೊತೆಗೇ ಸಾಗಿದರೆ ಕಾರವಾರ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ 'ಚಪಲ್' ಎಂಬ ನಿಜವಾದ ಯುದ್ಧನೌಕೆ ದಡದ ಮೇಲೆ ನಿಂತಿದೆ. ಅದರ ಹತ್ತಿರವೇ ಟುಪೊಲೆವ್ ಟಿಯು-142 ವಿಮಾನ. ಇದರ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 50 ಮೀಟರ್. ನಾಲ್ಕು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟಷ್ಟು! ನಾಲ್ಕು ಎಂಜಿನ್, ಒಂದೊಂದು ಎಂಜಿನ್ನಿಗೆ ಹಿಂದೆ ಮುಂದೆ ಎರಡೆರಡು ಪಂಕ. ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ರಷ್ಯಾದವರ ಟಿಯು-95 ಎಂಬ ಹೆಸರಾಂತ ಬಾಂಬರ್ ವಿಮಾನದ ಒಡಹುಟ್ಟು ಇದು. ನಮ್ಮ ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಸಮುದ್ರ ಕಾಯುವ ಕೆಲಸ ಮಾಡಿ ನಿವೃತ್ತಿಯಾಯಿತು.

ಕಾರವಾರದ ಕಡಲತೀರದಲ್ಲಿ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆಯೂ ಇದೆ. ಚೆಂಡಿಯಾ ಮೂಲದ ರಾಣೆ 1948ರ ಏಪ್ರಿಲಿನಲ್ಲಿ ಕಾಶ್ಮೀರದ ನೌಶೇರಾ-ರಜೌರಿ ದಾರಿಯಲ್ಲಿ ಶತ್ರುಗಳು ಹೂತಿಟ್ಟಿದ್ದ ಮೈನುಗಳನ್ನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಪಡೆದು, ಬದುಕಿ ಮರಳಿ, ವಯಸ್ಸಾದ ಮೇಲೆ 1994ರಲ್ಲಿ ತೀರಿಕೊಂಡರು.

ಮೊಮ್ಮಗಳು ವಿಮಾನವನ್ನೊಮ್ಮೆ, ಪ್ರತಿಮೆಯನ್ನೊಮ್ಮೆ ನೋಡಿ ಕೇಳಿದಳು: "ಅಜ್ಜಾ, ಇವರು ಬದುಕಿ ಬಂದರು. ಈ ವಿಮಾನವೂ ಬಂತು. ಬಾರದೆ ಇದ್ದವರ ಕಥೆ ಎಲ್ಲಿರುತ್ತದೆ?"

"ಮಡಿಕೇರಿಯಲ್ಲಿ ಒಂದು ಇದೆ, ನಡಿ" ಎಂದೆ.

ಬಸ್ ನಿಲ್ದಾಣದ ಹತ್ತಿರದ ವೃತ್ತ

ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ ಎನ್ನುತ್ತ ಮಂಗಳೂರು ತಲುಪಿ ರಾತ್ರಿ ಉಳಿದೆವು. ಮರುದಿನ ಪುತ್ತೂರು, ಸುಳ್ಯ, ಸಂಪಾಜೆ. ಅಲ್ಲಿಂದ ಮತ್ತೆ ಘಟ್ಟ. ಅಡಿಕೆ ತೋಟ ಮುಗಿದು ಕಾಫಿ ತೋಟ ಶುರುವಾಗುತ್ತದೆ. ಗಾಳಿ ತಣ್ಣಗಾಗುತ್ತದೆ.

ಮಡಿಕೇರಿ ಸೈನಿಕರ ಊರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರ ಪ್ರತಿಮೆಗಳೂ ಇಲ್ಲಿವೆ. ತಿಮ್ಮಯ್ಯನವರು ಬಾಲ್ಯ ಕಳೆದ 'ಸನ್ನಿ ಸೈಡ್' ಮನೆ ಈಗ ವಸ್ತುಸಂಗ್ರಹಾಲಯ. ಆದರೆ ನಾವು ಮೊದಲು ಹೋದದ್ದು ಹಳೆಯ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ. ಸುತ್ತ ಬಸ್ಸುಗಳ ಗದ್ದಲ, ಜೇನು-ಮಸಾಲೆ ಮಾರುವ ಅಂಗಡಿಗಳು, ಆಟೋಗಳು. ನಡುವೆ ಒಬ್ಬ ವಾಯುಸೈನಿಕ. ಅವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

"ಅಜ್ಜಮಾಡ ಅಂದರೆ ಏನು?" ಎಂಬ ಪ್ರಶ್ನೆ ಬಂದೇ ಬಂತು. ಕೊಡವರಲ್ಲಿ ಮೊದಲು ಬರುವುದು ಮನೆತನದ ಹೆಸರು. ಅದನ್ನು 'ಒಕ್ಕ' ಎನ್ನುತ್ತಾರೆ. ಅಜ್ಜಮಾಡ ಎಂಬುದು ಒಕ್ಕದ ಹೆಸರು, ಬೋಪಯ್ಯ ತಂದೆಯ ಹೆಸರು, ದೇವಯ್ಯ ಅವರ ಹೆಸರು. ಒಬ್ಬ ಮನುಷ್ಯನನ್ನು ಕರೆಯುವಾಗ ಅವನ ಹಿರಿಯರನ್ನೂ ಕರೆದಂತಾಗುತ್ತದೆ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಒಳ್ಳೆಯ ಪೈಲಟ್ ಆಗಿದ್ದರು, ಅದಕ್ಕಿಂತ ಒಳ್ಳೆಯ ಮೇಷ್ಟ್ರು. ಎಳೆಯ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರಾಗಿ ಕೆಲಸ ಮಾಡುತ್ತಿದ್ದರು. 1965ರಲ್ಲಿ ಯುದ್ಧ ಬಂದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಕಳಿಸಿದರು. 1933ರಲ್ಲಿ ಆರಂಭವಾದ, ನಮ್ಮ ವಾಯುಪಡೆಯ ಅತ್ಯಂತ ಹಳೆಯ ದಳ ಅದು. ಅದರ ಅಡ್ಡಹೆಸರು ಏನು ಗೊತ್ತೇ? 'ಟೈಗರ್ಸ್'. ಹುಲಿಗಳು!

"ಹಾಗಾದರೆ ನಮ್ಮ ಅಣಶಿಯವರೇ!" ಎಂದು ಮೊಮ್ಮಗಳು ನಕ್ಕಳು.

ಆ ಸೆಪ್ಟೆಂಬರ್

ಅರವತ್ತೈದರ ಯುದ್ಧ ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರಿಗೆ ನೆನಪಿರಬಹುದು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ. ಊರಿಗೊಂದೋ ಎರಡೋ ರೇಡಿಯೋ, ಅದರ ಸುತ್ತ ಗುಂಪು. ಆಹಾರದ ಕೊರತೆ ಇದ್ದುದರಿಂದ ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಶಾಸ್ತ್ರಿಯವರು ಕೇಳಿಕೊಂಡಾಗ ಎಷ್ಟೋ ಮನೆಗಳಲ್ಲಿ ಸೋಮವಾರ ಸಂಜೆ ಒಲೆ ಹಚ್ಚಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ ಮಕ್ಕಳೇ.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿ, ನೆಲದ ಮೇಲೆ ನಿಂತಿದ್ದ ಹಲವು ವಿಮಾನಗಳನ್ನು ಸುಟ್ಟುಹಾಕಿದವು. ಅದಕ್ಕೆ ಉತ್ತರವಾಗಿ ಮರುದಿನ ಬೆಳಗಿನ ಜಾವ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಎಂದು ನಿರ್ಧಾರವಾಯಿತು. ಸರ್ಗೋಧಾ ಎಂದರೆ ಪಾಕಿಸ್ತಾನ ವಾಯುಪಡೆಯ ಹೃದಯ. ಆದಂಪುರದಿಂದ ಸುಮಾರು 300 ಕಿಲೋಮೀಟರ್. ಹೋಗಿ ಬರುವಷ್ಟು ಇಂಧನ ಕಷ್ಟಪಟ್ಟು ಸಾಕಾಗುವ ದೂರ.

ಹೋಗಬೇಕಿದ್ದುದು ಮಿಸ್ಟೇರ್ ಎಂಬ ಫ್ರಾನ್ಸ್ ದೇಶದ ವಿಮಾನಗಳು. ಒಂದೇ ಎಂಜಿನ್, ಒಬ್ಬನೇ ಪೈಲಟ್. ಬಾಂಬು ಹಾಕುವ ಕೆಲಸವನ್ನೂ ಆಕಾಶದಲ್ಲಿ ಕಾದಾಡುವ ಕೆಲಸವನ್ನೂ ಮಾಡುವ ಇಂಥ ವಿಮಾನಕ್ಕೆ ಫೈಟರ್-ಬಾಂಬರ್ ಎಂದು ಹೆಸರು. ಮೂತಿಯಲ್ಲಿ ಎರಡು ಫಿರಂಗಿಗಳು. ವಿಂಗ್ ಕಮಾಂಡರ್ ಓ.ಪಿ. ತನೇಜಾ ನಾಯಕರು. ಹನ್ನೆರಡು ವಿಮಾನಗಳ ಯೋಜನೆ.

ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಬದಲಿ ಆಟಗಾರನಂತೆ ಕಾಯ್ದಿರಿಸಿದ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರು ಸೇರಬೇಕು. ಅಂದು ಬೆಳಕು ಹರಿಯುವ ಮುನ್ನ ಒಂದು ವಿಮಾನ ಹಿಂದುಳಿಯಿತು. ದೇವಯ್ಯ ಅದರ ಜಾಗಕ್ಕೆ ಹೋದರು. ಆಗ ಅವರಿಗೆ 32 ವರ್ಷ.

ಘಟ್ಟದ ತಿರುವಿನ ಪಾಠ

ಶತ್ರುಗಳ ರಾಡಾರ್ ಕಣ್ಣಿಗೆ ಬೀಳಬಾರದೆಂದು ಮರದ ತುದಿಗೆ ತಾಗುವಂತೆ ತೀರಾ ಕೆಳಗೆ ಹಾರಿದರು. ಸರ್ಗೋಧಾದ ಮೇಲೆ ದಾಳಿ ಮುಗಿಸಿ ಹಿಂದಿರುಗುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಸ್ಟಾರ್‌ಫೈಟರ್ ಅಮೆರಿಕದ ವಿಮಾನ. ಆ ಕಾಲಕ್ಕೆ ಅದನ್ನು ಕಂಡರೆ ಎಲ್ಲರಿಗೂ ಬೆರಗು. ಶಬ್ದ ಗಂಟೆಗೆ ಸುಮಾರು 1,200 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಸ್ಟಾರ್‌ಫೈಟರ್ ಎತ್ತರದಲ್ಲಿ ಶಬ್ದದ ಎರಡು ಪಟ್ಟು ವೇಗ ಮುಟ್ಟಬಲ್ಲದು. ನಮ್ಮ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಸ್ಟಾರ್‌ಫೈಟರ್ ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಅದರ ಫಿರಂಗಿಯ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಇದರ ಕಥೆ ಮುಗಿಯಿತು ಎಂದುಕೊಂಡು ಅಮ್ಜದ್ ಬೇರೆ ವಿಮಾನಗಳತ್ತ ಗಮನ ಹರಿಸಿದರು. ಆದರೆ ದೇವಯ್ಯ ಇನ್ನೂ ವಿಮಾನವನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದರು. ಗಾಯಗೊಂಡ ಆ ಮಿಸ್ಟೇರನ್ನು ಅವರು ಸ್ಟಾರ್‌ಫೈಟರಿನತ್ತಲೇ ತಿರುಗಿಸಿದರು.

ಈಗ ಅಣಶಿ ಘಟ್ಟದ ಬಸ್ಸು-ಸ್ಕೂಟರ್ ನೆನಪಿಸಿಕೊಳ್ಳಿ. ಸ್ಟಾರ್‌ಫೈಟರಿನ ರೆಕ್ಕೆಗಳು ಬಹಳ ಚಿಕ್ಕವು, ತೆಳ್ಳಗಿನವು. ನೇರ ದಾರಿಯಲ್ಲಿ ಬಾಣದಂತೆ ಹೋಗುತ್ತದೆ, ಆದರೆ ತಿರುಗಲು ಅದಕ್ಕೆ ಅಗಲವಾದ ಜಾಗ ಬೇಕು. ಮಿಸ್ಟೇರ್ ಸಣ್ಣ ಸುತ್ತಿನಲ್ಲೇ ತಿರುಗಬಲ್ಲದು. ಸ್ಟಾರ್‌ಫೈಟರ್ ವೇಗ ಹೆಚ್ಚಿಸಿ ದೂರ ಸರಿದಿದ್ದರೆ ಯಾರೂ ಹಿಡಿಯಲಾಗುತ್ತಿರಲಿಲ್ಲ. ಅದರ ಬದಲು ವೇಗ ತಗ್ಗಿಸಿ, ಸುತ್ತಿ ಸುತ್ತಿ ಕಾದಾಡುವ ಆಟಕ್ಕೆ ಇಳಿಯಿತು. ಆ ಆಟ ಮಿಸ್ಟೇರಿನದು. ದೇವಯ್ಯನವರ ಫಿರಂಗಿಗಳು ಗುರಿ ಮುಟ್ಟಿದವು. ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಪ್ಯಾರಾಚೂಟಿನಿಂದ ಹಾರಿ ಬದುಕಿಕೊಂಡರು. ದೇವಯ್ಯ ಬದುಕಲಿಲ್ಲ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಅವರು ವಾಪಸ್ ಬರಬಹುದಿತ್ತಾ?"

ಏಟು ತಿಂದ ವಿಮಾನ, ಕಡಿಮೆ ಇಂಧನ, ದೂರದ ದಾರಿ. ಇದ್ದ ಅವಕಾಶ ಚಿಕ್ಕದು. ಆ ಚಿಕ್ಕ ಅವಕಾಶವನ್ನೂ ಅವರು ಕಾದಾಟಕ್ಕೆ ಕೊಟ್ಟರು. ಅವರು ಸ್ಟಾರ್‌ಫೈಟರನ್ನು ತಡೆದು ನಿಲ್ಲಿಸಿದ ಹೊತ್ತಿನಲ್ಲಿ ಜೊತೆಯವರು ಮನೆಯ ಕಡೆ ಹಾರುತ್ತಿದ್ದರು.

ಇಪ್ಪತ್ತಮೂರು ವರ್ಷ

ಆದಂಪುರದಲ್ಲಿ ಒಂದೊಂದಾಗಿ ವಿಮಾನಗಳು ಇಳಿದವು. ದೇವಯ್ಯನವರದು ಬರಲಿಲ್ಲ. ಆಕಾಶದಲ್ಲಿ ನಡೆದ ಕಾದಾಟವನ್ನು ನಮ್ಮವರು ಯಾರೂ ಕಣ್ಣಾರೆ ಕಂಡಿರಲಿಲ್ಲ. ಹೀಗಾಗಿ ಅವರ ಹೆಸರಿನ ಮುಂದೆ ಬಿದ್ದ ಪದ 'ಕಾಣೆಯಾಗಿದ್ದಾರೆ'.

ಸೆಪ್ಟೆಂಬರ್ 23ರಂದು ಯುದ್ಧ ನಿಂತಿತು. ಆಮೇಲೆ ಸೆರೆಸಿಕ್ಕವರು ಎರಡೂ ಕಡೆಯಿಂದ ಮನೆಗೆ ಮರಳಿದರು. ದೇವಯ್ಯ ಅವರಲ್ಲಿ ಇರಲಿಲ್ಲ. ಕೊನೆಗೆ ಮಡಿದಿರಬೇಕು ಎಂದು ಸರಕಾರ ತೀರ್ಮಾನಿಸಿತು. ಪತ್ನಿ ಸುಂದರಿ ದೇವಯ್ಯ ಹೆಣ್ಣುಮಕ್ಕಳನ್ನು ಬೆಳೆಸಿದರು. ಸತ್ತರು ಎಂದರೆ ಅತ್ತು ಹಗುರಾಗಬಹುದು. ಬರುತ್ತಾರೆ ಎಂದರೆ ಕಾಯಬಹುದು. ಕಾಣೆಯಾಗಿದ್ದಾರೆ ಎಂದರೆ ಎರಡನ್ನೂ ಮಾಡಲಾಗದು. ಬಾಗಿಲ ಸದ್ದಾದಾಗಲೆಲ್ಲ ತಿರುಗಿ ನೋಡುವ ಬದುಕು ಅದು. ಯುದ್ಧದ ಕಥೆಗಳಲ್ಲಿ ಈ ಭಾಗವನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ.

ಸತ್ಯ ಹೊರಬಂದದ್ದು ಎದುರು ಪಾಳೆಯದ ಕಡೆಯಿಂದ! 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರಲ್ಲಿ ಪಾಕಿಸ್ತಾನ ವಾಯುಪಡೆ ನಡೆಸಿದ ಕಾದಾಟದ ಬಗ್ಗೆ ಪುಸ್ತಕ ಬರೆದರು. ಸರ್ಗೋಧಾ ದಾಳಿಯ ದಿನ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ವಿಮಾನದೊಂದಿಗಿನ ಕಾದಾಟದಲ್ಲಿ ಬಿತ್ತು ಎಂಬ ಸಂಗತಿ ಅದರಲ್ಲಿತ್ತು. ನಮ್ಮವರು ಲೆಕ್ಕ ಹಾಕಿದರು. ಮರಳಿ ಬಂದ ಪೈಲಟ್‌ಗಳಲ್ಲಿ ಯಾರೂ ಅಂಥ ಕಾದಾಟ ಮಾಡಿರಲಿಲ್ಲ. ಉಳಿದದ್ದು ಒಂದೇ ಹೆಸರು. ಅಂದು ದಳದ ನಾಯಕರಾಗಿದ್ದ ತನೇಜಾ ಆ ಹೆಸರಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಎಂದು ಪ್ರಯತ್ನಪಟ್ಟರು.

1988ರಲ್ಲಿ, ಅಂದರೆ 23 ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರದ ಸ್ಥಾನ ಇದರದು. ಸುಂದರಿಯವರು ಅದನ್ನು ಸ್ವೀಕರಿಸಿದರು.

ಮುಂದೆ ಪಾಕಿಸ್ತಾನ ವಾಯುಪಡೆಯ ನಿವೃತ್ತ ಅಧಿಕಾರಿಗಳೂ ಈ ಕಾದಾಟದ ಬಗ್ಗೆ ಬರೆದರು. ಅಲ್ಲಿನ ಹಳ್ಳಿಯ ಜನ ದೇವಯ್ಯನವರ ದೇಹವನ್ನು ಹೊಲದಲ್ಲಿ ಕಂಡು ಅಲ್ಲೇ ಮಣ್ಣು ಮಾಡಿದ್ದರು ಎಂಬುದೂ ತಿಳಿಯಿತು. ಕೊಡಗಿನ ಮಗನಿಗೆ ಕೊನೆಯ ಹಿಡಿ ಮಣ್ಣು ಹಾಕಿದವರು ಅವರ ಭಾಷೆ ತಿಳಿಯದ, ಹೆಸರು ಗೊತ್ತಿಲ್ಲದ ರೈತರು. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಈ ಘಟನೆಯಿಂದಲೇ ಪ್ರೇರಣೆ ಪಡೆದದ್ದು. ಅದರಲ್ಲಿ ಪಾತ್ರಗಳ ಹೆಸರು ಬೇರೆ. ನಿಜವಾದ ಹೆಸರು ಓದಬೇಕಾದರೆ ಮಡಿಕೇರಿಯ ಈ ವೃತ್ತಕ್ಕೆ ಬರಬೇಕು.

ಇನ್ನೊಬ್ಬ ಕೊಡಗಿನ ಪೈಲಟ್

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಶತ್ರುನೆಲದಲ್ಲಿ ಬಿದ್ದರು. ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಸೆರೆಸಿಕ್ಕರು. ಅವರು ನಿವೃತ್ತ ದಂಡನಾಯಕ ಕಾರ್ಯಪ್ಪನವರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಒಂದೇ ಸೈನ್ಯದಲ್ಲಿದ್ದ ಕಾಲದಿಂದ ತಂದೆ ಕಾರ್ಯಪ್ಪನವರನ್ನು ಬಲ್ಲವರು. ಮಗನನ್ನು ವಿಶೇಷವಾಗಿ ನೋಡಿಕೊಳ್ಳುವ ಮಾತು ಬಂದಾಗ, ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕೊಟ್ಟರು ಕಾರ್ಯಪ್ಪ. ಮಗ ಉಳಿದ ಸೆರೆಯಾಳುಗಳಂತೆಯೇ ಇದ್ದು ಮರಳಿ ಬಂದು, ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು.

ಒಂದು ಮನೆಗೆ ಮಗ ಬಂದ. ಇನ್ನೊಂದು ಮನೆಗೆ ಪದಕ ಬಂತು, ಅದೂ 23 ವರ್ಷ ತಡವಾಗಿ. ಯುದ್ಧ ಯಾರ ಬಾಗಿಲಿಗೆ ಏನು ತರುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಕಲ್ಲಿನಲ್ಲಿ ಉಳಿದವರು

ಮಡಿದ ವೀರರನ್ನು ನೆನೆಯುವುದು ನಮ್ಮ ನಾಡಿಗೆ ಹೊಸದಲ್ಲ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆಗಳು. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ಇದೆ. ಅಂದರೆ ರಾಜನಾಗಿರಬೇಕಿಲ್ಲ, ಊರಿಗಾಗಿ ನಿಂತಿದ್ದರೆ ಸಾಕು. ಕೊಡಗಿನಲ್ಲಿ ಇಂಥ ಕಲ್ಲುಗಳನ್ನು 'ಕೊಲ್ಲೆಕಲ್ಲು' ಎನ್ನುತ್ತಾರೆ.

ಕೊಡವರ ಆಯುಧಪೂಜೆಯ ಹಬ್ಬ 'ಕೈಲ್ ಪೊಳ್ದ್' ಬರುವುದು ಸೆಪ್ಟೆಂಬರ್ ಮೊದಲ ವಾರದ ಆಸುಪಾಸಿನಲ್ಲಿ. ಗದ್ದೆ ಕೆಲಸ ಮುಗಿಸಿ, ಕೋವಿ-ಕತ್ತಿಗಳನ್ನು ಹೂವಿನಿಂದ ಸಿಂಗರಿಸಿ, ಕಡಂಬುಟ್ಟು ಮಾಡಿ ಉಣ್ಣುವ ಹಬ್ಬ. ದೇವಯ್ಯ ಕೊನೆಯ ಬಾರಿ ಹಾರಿದ್ದೂ ಆ ದಿನಗಳಲ್ಲೇ, ಸೆಪ್ಟೆಂಬರ್ 7ರಂದು.

ವೃತ್ತದ ಬಳಿ ನಾವು ನಿಂತಿದ್ದ ಅರ್ಧ ಗಂಟೆಯಲ್ಲಿ ಎಷ್ಟೋ ಬಸ್ಸುಗಳು ಸುತ್ತಿ ಹೋದವು. ಪ್ರವಾಸಿಗಳು ರಾಜಾಸೀಟಿಗೆ ದಾರಿ ಕೇಳುತ್ತಿದ್ದರು. ಶಾಲಾಬಾಲಕನೊಬ್ಬ ಐಸ್‌ಕ್ರೀಮ್ ನೆಕ್ಕುತ್ತ ಕಟ್ಟೆಯ ಮೇಲೆ ಕೂತಿದ್ದ. ಮೊಮ್ಮಗಳು ಅವನ ಪಕ್ಕ ಕೂತು, "ಇವರು ಯಾರು ಗೊತ್ತಾ?" ಎಂದು ಕೇಳಿದಳು. ಆತ ತಲೆ ಅಲ್ಲಾಡಿಸಿದ. ಅವಳು ಬಸ್ಸು-ಸ್ಕೂಟರಿನಿಂದಲೇ ಕಥೆ ಶುರುಮಾಡಿದಳು. ಐಸ್‌ಕ್ರೀಮ್ ಕರಗಿ ಅವನ ಮೊಣಕೈವರೆಗೆ ಇಳಿಯಿತು.

ಮಕ್ಕಳೇ, ನಿಮ್ಮ ಊರಿನಲ್ಲೂ ಯಾರದೋ ಹೆಸರಿನ ಒಂದು ರಸ್ತೆ, ಒಂದು ವೃತ್ತ, ಶಾಲೆಯ ಒಂದು ಕೊಠಡಿ ಇದ್ದೇ ಇರುತ್ತದೆ. ಈ ವಾರ ಆ ಹೆಸರನ್ನು ಪೂರ್ತಿ ಓದಿ. ಮನೆಯ ಹಿರಿಯರನ್ನು ಕೇಳಿ. ಅಜ್ಜ-ಅಜ್ಜಿಯರೇ, ಅವರು ಕೇಳಿದಾಗ ಟೀವಿಯ ಸದ್ದು ಸ್ವಲ್ಪ ತಗ್ಗಿಸಿ, ನಿಮಗೆ ಗೊತ್ತಿರುವಷ್ಟನ್ನು ಹೇಳಿಬಿಡಿ.